ಗೌರಿಯ ಮೊರ

ಮಾರ್ಚ್ ೧೨, ಗುರುವಾರ

ಆ ಮೊರವನ್ನು ನಾನು ಒಯ್ಯಬಾರದಿತ್ತು.

ಅದಿರು ಬೇರ್ಪಡಿಸುವ ಸಂಶೋಧನೆಯ ಶೆಡ್ಡಿನಲ್ಲಿ ನಾನು ಕಲ್ಲುಪುಡಿ ಹೊರುವವನು. ಅಲ್ಲಿ ಪುಡಿಯನ್ನು ಅಲುಗಿಸಿ ಅದಿರು ಬೇರ್ಪಡಿಸುವ ಯಂತ್ರದ ಮೇಜು ವಾರದಿಂದ ಕೆಟ್ಟು ಕುಣಿಯುತ್ತಿತ್ತು. “ಇದ್ಕಿಂತ ನಮ್ಮ ಗೌರಿ ಮೊರ ವಾಸಿ ಮೇಡಮ್ಮೋರೇ, ರಾಗೀಲಿ ಒಂದು ಕಲ್ಲೂ ಬುಡ್ತಿರ್ಲಿಲ್ಲ” ಎಂದು ನಿನ್ನೆ ತಮಾಷೆ ಮಾಡಿದೆ. ಸಂಶೋಧನೆ ನಡೆಸುವ ರಂಜಿತ ಮೇಡಂ ನಗಲಿಲ್ಲ. “ತಗೊಂಡ್ಬನ್ನಿ, ಅಂದಾನಣ್ಣ, ನೋಡೋಣ” ಅಂದರು.

ಇವತ್ತು ನನ್ನ ಹೆಂಡತಿ ಗೌರಿಯಂತೆ ಸೊಂಟ ಬಳುಕಿಸಿ ಕಲ್ಲುಪುಡಿ ಕೇರಿದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಧೂಳು ಏಳುತ್ತದೆಂದು ನಾನೇ ಒಂದು ಚೊಂಬು ನೀರು ಸುರಿದೆ. ಮೊರ ಓರೆ ಹಿಡಿದಾಗ ಬಿಳಿ ಮರಳು ಹರಿದುಹೋಯಿತು, ಭಾರದ ಕಪ್ಪು ಅದಿರು ಪುಡಿ ಹಿಂದೆ ನಿಂತಿತು. ಮೇಜನ್ನೂ ಹೀಗೇ ಓರೆ ಮಾಡಬೇಕೆಂದು ಮೇಡಂ ಬರೆದುಕೊಂಡರು.

ಆಮೇಲೆ ಕಂಡಿತು. ಗೌರಿ ಸಾಯುವ ಮುಂಚಿನ ವಾರ ಮೊರಕ್ಕೆ ಬಳಿದಿದ್ದ ಸಗಣಿಯೂ ಕರಗಿ ಹೋಗಿತ್ತು. ಅದರ ಮೇಲೆ ಅವಳ ಬೆರಳ ಗೆರೆಗಳಿದ್ದವು. ಎರಡು ವರ್ಷದಿಂದ ಮೊರ ಗೋಡೆಯ ಮೇಲಿತ್ತು; ದಿನಾ ರಾತ್ರಿ ಆ ಗೆರೆಗಳ ಮೇಲೆ ಬೆರಳಿಟ್ಟೇ ನಾನು ಮಲಗುತ್ತಿದ್ದೆ.

“ಯಾಕಣ್ಣ, ಮೊರಾನೇ ನೋಡ್ತಿದ್ದೀರಿ?” ಎಂದರು ಮೇಡಂ.

“ಸಗಣೀನೂ ಬೇರೆ ಮಾಡ್ಬುಟ್ನಲ್ಲ, ಅದ್ಕೂ ಒಂದು ಬಹುಮಾನ ಕೊಡ್ಸಿ” ಎಂದೆ. ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ಬರೀ ಬಿದಿರು ಉಳಿದಿದೆ. ಚೀಲದಲ್ಲೇ ಇದೆ. ಮಗಳು ಕವಿತಳಿಗೆ ಹೇಗೆ ಹೇಳಲಿ? ಅವಳಿಗೂ ಅದು…

ಅಡುಗೆಮನೆಯಿಂದ ಅವಳೇ ಕೂಗುತ್ತಿದ್ದಾಳೆ: “ಅಪ್ಪಾ, ಮುದ್ದೆ ಆರೋಯ್ತದೆ, ಉಣ್ಣಕ್ ಬಾ! ಗೋಡೆ ಮ್ಯಾಲಿದ್ದ ಅವ್ವನ ಮೊರ ಎಲ್ಲಪ್ಪಾ?”