ಸ್ನೇಹಲ ಓದಿದ ಕೊನೆಯ ಅಧ್ಯಾಯ

ಮಿರಜ
೧೨ ಫೆಬ್ರುವರಿ ೨೦೨೫, ಬುಧವಾರ

ಕವಲಾಪುರದ ನನ್ನ ವೃಷಾಲಿಗೆ, ನಿನ್ನ ನೀಲಾ ಕಾಕೂ ಮಾಡುವ ಆಶೀರ್ವಾದ.

ನಿನ್ನ ಪತ್ರ ನಿನ್ನೆ ಅಂಗಡಿಗೆ ಬಂತು. ನಿನ್ನ ಕಾಕಾ ಅದನ್ನು ಒಡೆಯದೆ ಬೆಲ್ಲದ ಡಬ್ಬಿಯ ಮೇಲೆ ಇಟ್ಟುಕೊಂಡಿದ್ದು, ಮಧ್ಯಾಹ್ನ ಊಟಕ್ಕೆ ಬಂದಾಗ ತಂದುಕೊಟ್ಟರು. ನಿನ್ನ ಗೆಳತಿ, ನನ್ನ ಮಗಳು ಸ್ನೇಹಲ ತೀರಿಕೊಂಡ ಮೇಲೆ ಈ ಮನೆಗೆ ಬರುವ ಕಾಗದವೆಂದರೆ ದವಾಖಾನೆಯದು, ಇಲ್ಲವೇ ವಿಮೆಯವರದು. ಕೈಯಿಂದ ಬರೆದದ್ದು ನೋಡಿ ಬಹಳ ದಿನವಾಗಿತ್ತು.

ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ ಎಂದಿದ್ದೀ. ನನಗೂ ಮಾತಿಗಿಂತ ಬರೆಯುವುದೇ ಸರಿ. ದಿನಾ ಡೈರಿಯಲ್ಲಿ ಎರಡು ಸಾಲು ಬರೆದೇ ಮಲಗುವವಳು ನಾನು. ಈಚೆಗೆ ‘ಇಂದು’ ಎಂದು ಬರೆಯುತ್ತೇನೆ, ಮುಂದೆ ಪೆನ್ನು ಹೋಗುವುದಿಲ್ಲ. ಏಳನೇ ಇಯತ್ತೆಯ ತನಕ ಶಾಲೆ ಕಲಿತವಳ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದು.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಕಾದಂಬರಿಗಳ ಮೇಲೆ ನಿಮ್ಮ ತರಗತಿಯವರು ಹೇಳಿದ ಅಭಿಪ್ರಾಯಗಳನ್ನು ಅಚ್ಚು ಹಾಕಿಸುತ್ತಿದ್ದೀರಿ. ಸ್ನೇಹಲಳ ಹೆಸರಿನ ಪುಟದಲ್ಲಿ ಏನಿರಬೇಕು ಎಂದು ಕೇಳಿದ್ದೀ. ಆ ಶನಿವಾರ ನಾನು ನಿಮ್ಮ ತರಗತಿಗೆ ಬಂದು ಹೇಳಿದ್ದೇ ಇರಲೋ, ಪುಸ್ತಕದಲ್ಲಿರುವಂತೆ ತಿದ್ದುವುದೋ. ಕಾದಂಬರಿಯಲ್ಲಿ ಇಲ್ಲದ್ದನ್ನು ಹೇಗೆ ಹಾಕುವುದು ಎಂದು ತವನಪ್ಪ ಸರ್ ಅನುಮಾನಿಸುತ್ತಿದ್ದಾರೆ. ಬರೀ ಫೋಟೊ ಸಾಕು ಎಂದು ನೀವು ಹುಡುಗಿಯರು ಹೇಳುತ್ತಿದ್ದೀರಿ. ಸೋಮವಾರದೊಳಗೆ ನನ್ನ ಮಾತು ಬೇಕು. ಅದರ ಜೊತೆಗೆ ನಿಮ್ಮ ತರಗತಿಯ ಸಂಮೇದನ ಪರವಾಗಿ ತಪ್ಪಾಯಿತು ಎಂದು ಬರೆದಿದ್ದೀ. ಅಂದಿನಿಂದ ಅವನೊಡನೆ ಯಾರೂ ಮಾತಾಡುತ್ತಿಲ್ಲ, ಅವನು ಕೊನೆಯ ಬೆಂಚಿಗೆ ಹೋಗಿ ಒಬ್ಬನೇ ಕೂರುತ್ತಾನೆ ಎಂದು ಓದಿ, ನಿಜ ಹೇಳುತ್ತೇನೆ, ನನಗೆ ಊಟ ಸೇರಲಿಲ್ಲ.

ಉತ್ತರಕ್ಕೆ ಮೊದಲು ಒಂದಿಷ್ಟು ಹಿಂದಿನದು ಹೇಳಬೇಕು.

ಸ್ನೇಹಲ ಕಲಿತದ್ದು ಮರಾಠಿ ಶಾಲೆಯಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಅರ್ಧ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ನೀನು ಕನ್ನಡ ಸಾಹಿತ್ಯ ತೆಗೆದುಕೊಂಡೆ ಅಂತ ಅವಳೂ ತೆಗೆದುಕೊಂಡಳು. ಅಕ್ಷರ ನಾನೇ ಕಲಿಸಿದ್ದೆ. ‘ಅವ್ವಾ, ನನಗ ಅಕ್ಷರ ಬರ್ತಾವು, ಪುಸ್ತಕ ಬರೂದಿಲ್ಲ’ ಎಂದು ನಗುತ್ತಿದ್ದಳು. ಹಾಗಾಗಿ ಅವಳು ಜೋರಾಗಿ ಓದುವುದು, ನಾನು ಪಕ್ಕದಲ್ಲಿ ಕುಳಿತು ತಿದ್ದುವುದು ನಮ್ಮ ಕ್ರಮ. ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುತ್ತಿದ್ದಳು.

ಡಯಾಲಿಸಿಸ್ ಶುರುವಾದ ಮೇಲೆ ಓದು ದವಾಖಾನೆಗೆ ಬಂತು. ಮಶಿನ್ ನಡೆಯುವಷ್ಟು ಹೊತ್ತು ಒಂದು ಕೈ ಅಲುಗಿಸುವಂತಿಲ್ಲ, ಇನ್ನೊಂದು ಕೈಯಲ್ಲಿ ಪುಸ್ತಕ. ಬಾಯಿ ಒಣಗಿದರೆ ನಾನು ಹಸಿ ಬಟ್ಟೆಯಿಂದ ತುಟಿ ಒರೆಸುತ್ತಿದ್ದೆ. ಪಕ್ಕದ ಹಾಸಿಗೆಯಲ್ಲಿ ಸಾಂಗ್ಲಿವಾಡಿಯ ದಾದಾಸಾಬ ಕಾಕಾ ಇರುತ್ತಿದ್ದರು. ಮೊದಲ ದಿನ, ‘ಏನವಾ, ಪರೀಕ್ಷಾ ನಿಂದೋ ನಮ್ಮದೋ?’ ಎಂದು ಕೆಣಕಿದರು. ಮುಂದೆ ಅವರೇ, ‘ಜರಾ ಜೋರ್ ಓದು, ಈ ಮಶಿನ್ ಭಾಳ ಒದರತೈತಿ’ ಎನ್ನತೊಡಗಿದರು. ಅವಳು ತಡವರಿಸಿದರೆ, ‘ಎಸ್ಟಿ ಬಸ್ಸಿನಂಗ ಊರೂರಿಗಿ ನಿಂದರಸತಿಯಲ್ಲ, ಸಾಂಗ್ಲಿ ಮುಟ್ಟೂದು ಯಾವಾಗ?’ ಎಂದು ನಗಿಸುತ್ತಿದ್ದರು.

ನೀಲಿ ರಟ್ಟಿನ ಆ ಕಾದಂಬರಿ ನಾವು ಅಲ್ಲಿ ಓದಿದ ಕೊನೆಯದು. ನಿನಗೆ ಗೊತ್ತಿರುವ ಕಥೆಯೇ. ಗಾಣದ ಮನೆಯ ಮಾಳವ್ವ, ಅವಳ ಒಬ್ಬಳೇ ಮಗಳು ಸುಬ್ಬಿ. ಸುಬ್ಬಿಗೆ ಜ್ವರ ಬಿಡುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಮಾಳವ್ವ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ದೂರದ ಡಾಕ್ಟರ ಊರಿಗೆ ಹೊರಡುತ್ತಾಳೆ. ಅಲ್ಲಿಂದ ಮುಂದೆ ಸ್ನೇಹಲ ನಮಗೆ ಓದಿದ್ದು ಹೀಗೆ. ದಾರಿಯಲ್ಲಿ ಒಂದು ಬಾವಿ ಬಂತು. ಸುಬ್ಬಿ ಎದ್ದು ಕುಳಿತು ನೀರು ಕೇಳಿದಳು. ಮಾಳವ್ವ ಸೇದಿ ಕೊಟ್ಟಳು. ಸುಬ್ಬಿ ತಂಬಿಗೆ ಎತ್ತಿ ಗಟಗಟ ಕುಡಿದಳು. ಗದ್ದದಿಂದ ನೀರು ಇಳಿದು ಎದೆ ತೊಯ್ದಿತು, ಯಾರೂ ಸಾಕು ಅನ್ನಲಿಲ್ಲ. ಮೈ ಬೆವೆತು ಜ್ವರ ಬಿಟ್ಟಿತು. ‘ಅವ್ವಾ, ಗಾಡಿ ತಿರಗಸು, ಹಸಿವ್ಯಾಗೈತಿ’ ಎಂದಳು.

ದಾದಾಸಾಬ ಕಾಕಾ ಸೂಜಿ ಇಲ್ಲದ ಕೈಯಿಂದ ಹಾಸಿಗೆ ತಟ್ಟಿ, ‘ಬೇಷ್! ಇನ್ನೊಮ್ಮಿ ಓದು’ ಎಂದರು. ಅವಳು ಓದಿದಳು. ಎರಡನೇ ಸಲ ಬಾವಿ ಹೋಗಿ ಹಳ್ಳ ಬಂದಿತ್ತು. ಕಾಕಾನ ಕಿವಿಗೆ ಅದು ಬೀಳಲಿಲ್ಲ.

ನನ್ನ ಕಿವಿಗೆ ಬಿತ್ತು. ಇದು ಪುಸ್ತಕದ್ದಲ್ಲ ಎಂದು ಬಾವಿ ಹಳ್ಳವಾಗುವ ಮೊದಲೇ ನನಗೆ ತಿಳಿದಿತ್ತು ಅನ್ನು. ಆ ಅಧ್ಯಾಯದಲ್ಲಿ ಗಾಡಿ ಊರು ದಾಟಿದ ಮೇಲೆ ಅವಳು ಎಲ್ಲಿಯೂ ತಡವರಿಸಲಿಲ್ಲ. ಒಂದು ಒತ್ತಕ್ಷರಕ್ಕೂ ನಿಲ್ಲಲಿಲ್ಲ. ನಮ್ಮ ಮನೆಯ ಮಾತಿನಲ್ಲಿ, ನೀರು ಹರಿದ ಹಾಗೆ ಹೇಳುತ್ತ ಹೋದಳು. ಪುಸ್ತಕ ಎದುರಿಗೆ ತೆರೆದೇ ಇತ್ತು, ಹಾಳೆ ಮಾತ್ರ ತಿರುವಲಿಲ್ಲ. ನನ್ನ ಮಗಳ ಓದು ನನಗೆ ಗೊತ್ತಾಗದೆ? ನಾನು ತಿದ್ದಲಿಲ್ಲ. ಆ ವಾರ ದಾಟುವ ಮೊದಲೇ ಅವಳು ತೀರಿಕೊಂಡಳು.

ನಿಮ್ಮ ತರಗತಿಯ ಪದ್ಧತಿ ಅವಳ ಬಾಯಿಂದಲೇ ಕೇಳಿದ್ದೆ. ಶನಿವಾರಕ್ಕೊಬ್ಬರ ಪಾಳಿ. ಎದ್ದು ನಿಂತು ಕಾದಂಬರಿ ಹೇಗನಿಸಿತು ಎಂದು ಹೇಳಬೇಕು, ಉಳಿದವರು ಒಪ್ಪಬೇಕು ಇಲ್ಲವೇ ಜಗಳಾಡಬೇಕು. ಮನೆಗೆ ಬಂದು ಎಲ್ಲ ಒಪ್ಪಿಸುತ್ತಿದ್ದಳು. ‘ಲಿಂಗನೂರಿನ ಆ ಸಂಮೇದ ಅದಾನಲ್ಲ, ನಡುವ ಬಾಯಿ ಹಾಕೂದು ಬಿಡೂದಿಲ್ಲ ಅವ್ವಾ. ಆದ್ರ ಪುಸ್ತಕಾ ಪೂರಾ ಓದಿ ಬರಾವ ಅವನೊಬ್ಬನ’ ಎನ್ನುತ್ತಿದ್ದಳು. ಅವಳ ಪಾಳಿ ಉಳಿದುಹೋಗಿತ್ತು. ಸರ್ ಮನೆಗೆ ಬಂದು, ಅವಳು ನಿಮಗೆ ಓದಿ ಹೇಳಿದ್ದನ್ನು ನೀವೇ ಬಂದು ಹೇಳಿ ಎಂದಾಗ ನಾನು ಒಪ್ಪಿದ್ದು ಅದಕ್ಕೆ.

ಆ ದಿನ ನಾನು ಗಾಡಿ ತಿರುಗಿದ್ದನ್ನು ಹೇಳಿ, ಈ ಕೊನೆ ನನಗೆ ಹಿಡಿಸಿತು ಎಂದೆ. ನೀವೆಲ್ಲ ತಲೆ ತಗ್ಗಿಸಿದಿರಿ. ಸಂಮೇದ ಎದ್ದ. ‘ಕಾಕೂ, ಹಂಗಿಲ್ರೀ. ಪುಸ್ತಕದಾಗ ಸುಬ್ಬಿ ಗಾಡ್ಯಾಗನ ಸಾಯ್ತಾಳ್ರಿ’ ಎಂದ. ನೀನು ಅವನ ಅಂಗಿ ಜಗ್ಗಿದ್ದನ್ನು ನೋಡಿದೆ. ‘ಕುಂದ್ರೋ, ಅಕ್ಕಲ್ ಐತೇನ್ ನಿನಗ?’ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಸರ್ ಬೋರ್ಡಿನ ಕಡೆ ತಿರುಗಿ, ಅಳಿಸಿದ ಬೋರ್ಡನ್ನೇ ಮತ್ತೆ ಅಳಿಸಿದರು. ಮಗಳು ಓದಿದ್ದು ಪುಸ್ತಕದ್ದಲ್ಲ ಎಂದು ನನಗೆ ಆಗಷ್ಟೇ ಗೊತ್ತಾಗಿ ಎದೆ ಒಡೆಯಿತು ಎಂದು ನೀವೆಲ್ಲ ಅಂದುಕೊಂಡಿರಿ. ಬಸ್ ಸ್ಟ್ಯಾಂಡಿನ ತನಕ ನೀನು ನನ್ನ ಕೈ ಹಿಡಿದುಕೊಂಡೇ ಬಂದೆ.

ನನಗೆ ಆಗಿದ್ದು ಬೇರೆ. ಅವನು ಎದ್ದು ನಿಂತಾಗ, ನನ್ನ ಸ್ನೇಹಲ ಆ ಕೋಣೆಯಲ್ಲಿ ಇದ್ದಾಳೆ ಅನಿಸಿತು. ಅವಳೇ ಇದ್ದಿದ್ದರೂ ಅವನು ಹಾಗೇ ಏಳುತ್ತಿದ್ದ. ನೀವೆಲ್ಲ ಮಗಳನ್ನು ಕಳಕೊಂಡ ತಾಯಿಗೆ ಮರುಕಪಟ್ಟಿರಿ, ಅದರಲ್ಲಿ ತಪ್ಪೇನಿಲ್ಲ. ಅವನು ಅವಳೊಡನೆ ಜಗಳಕ್ಕೆ ನಿಂತ. ಅವಳು ತೀರಿಕೊಂಡ ಮೇಲೆ ಅವಳ ಜೊತೆ ಯಾರಾದರೂ ಜಗಳಾಡಿದ್ದು ಅದೊಂದೇ ಸಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಫೋಟೊ ಬೇಡ. ಫೋಟೊ ನಮ್ಮ ಗೋಡೆಯ ಮೇಲಿದೆ, ದಿನಾ ಹೂ ಏರಿಸುತ್ತೇವೆ. ಅಲ್ಲಿ ಅವಳು ಮಾತಾಡಲಿ. ಗಾಡಿ ತಿರುಗಿದ್ದನ್ನು ಒಂದಕ್ಷರ ತಿದ್ದದೆ ಅವಳ ಹೆಸರಿನಲ್ಲಿ ಹಾಕಿ. ಕೆಳಗೆ, ಪುಸ್ತಕದಲ್ಲಿ ಹೀಗಿಲ್ಲ ಎಂಬ ಸಂಮೇದನ ಮಾತನ್ನು ಅವನ ಹೆಸರಿನಲ್ಲಿ ಹಾಕಿ. ಸರ್ ಅವರ ಅಡಚಣೆಯೂ ತೀರುತ್ತದೆ. ಮೊನ್ನೆ ನಿನ್ನ ಕಾಕಾ ದವಾಖಾನೆಗೆ ಹೋದಾಗ ದಾದಾಸಾಬ ಕಾಕಾ ಹೊಸದಾಗಿ ಬಂದ ಒಬ್ಬ ಹುಡುಗಿಗೆ ಇದೇ ಕಥೆ ಹೇಳುತ್ತಿದ್ದರಂತೆ. ಬಾವಿಯೋ ಹಳ್ಳವೋ ಎಂದು ಅವರಿಗೇ ಈಗ ಗೊಂದಲವಂತೆ.

ಇನ್ನೊಂದು ಕೆಲಸ ನಿನ್ನಿಂದ ಆಗಬೇಕು. ಭಾನುವಾರ ಸಂಮೇದನನ್ನು ಕರೆದುಕೊಂಡು ಬಾ. ಪುಸ್ತಕ ನನ್ನ ಬಳಿಯೇ ಇದೆ. ಗಾಡಿ ಊರು ದಾಟುವ ತನಕ ಓದುತ್ತೇನೆ, ಮುಂದಿನ ಹಾಳೆ ತಿರುವಲು ಕೈ ಏಳುವುದಿಲ್ಲ. ಅವನು ಓದಲಿ, ನಾನು ಕೇಳುತ್ತೇನೆ. ಅವನು ಇದ್ದದ್ದನ್ನು ಇದ್ದ ಹಾಗೆ ಓದುತ್ತಾನೆ. ನೀನು ನನ್ನ ಪಕ್ಕದಲ್ಲಿ ಕುಳಿತುಕೋ.

ಅವನಿಗೆ ಬರಲು ಸಂಕೋಚವಾದರೆ, ಸ್ನೇಹಲ ಇನ್ನೂ ಒಪ್ಪಿಲ್ಲ, ಜಗಳ ಬಾಕಿ ಇದೆ ಎಂದು ಹೇಳು.

ನಿನ್ನ ದಾರಿ ನೋಡುವ
ನೀಲಾ ಕಾಕೂ

ತಾ.ಕ.: ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು ಕೊಡುವುದು ನಮ್ಮ ರೂಢಿ. ಸ್ನೇಹಲಳ ನೀರಿಗೆ ಡಾಕ್ಟರು ಅಳತೆ ಹಾಕಿದ ಮೇಲೆ ಆ ತಂಬಿಗೆಯನ್ನು ಅಟ್ಟಕ್ಕೆ ಏರಿಸಿದೆ. ಅವಳ ಕಣ್ಣೆದುರು ಯಾರೂ ಕುಡಿಯಬಾರದೆಂದು ನಿಮಗೆಲ್ಲ ಅಂಗಡಿಯಲ್ಲೇ ನೀರು ಕುಡಿಸಿ ಒಳಗೆ ಕಳಿಸುತ್ತಿದ್ದೆವು, ನೆನಪಿರಬಹುದು. ಸುಬ್ಬಿ ಕುಡಿದ ನೀರು ನಿಜವಾಗಿ ಯಾರಿಗೆ ಬೇಕಾಗಿತ್ತು ಎಂದು ನನಗೆ ದವಾಖಾನೆಯಲ್ಲೇ ತಿಳಿದಿತ್ತು. ಆದರೂ ಮನೆಗೆ ಬಂದು ಅಳತೆಯ ಸಣ್ಣ ಲೋಟದಲ್ಲೇ ನೀರು ಕೊಟ್ಟೆ. ಅವಳು ಕುಡಿದು ಲೋಟ ನನ್ನ ಕೈಗೆ ಕೊಡುತ್ತ, ‘ಕತಿ ಚಲೋ ಇತ್ತಿಲ್ಲವಾ?’ ಎಂದಳು. ಚಲೋ ಇತ್ತು ಎಂದೆ. ನಿನ್ನೆ ತಂಬಿಗೆ ಕೆಳಗಿಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಭಾನುವಾರ ಅಂಗಡಿಯಲ್ಲಿ ನೀರು ಕುಡಿಯಬೇಡಿ, ಸೀದಾ ಒಳಗೆ ಬನ್ನಿ.