ಮೆನ್ನೋ ಆಕಾಶದಲ್ಲಿ ಸಾಯಲಿಲ್ಲ

ಲೇರ್, 4 ಮಾರ್ಚ್ 1956, ಭಾನುವಾರ

ಬೆಳಿಗ್ಗೆ ಕಾರು ತೊಳೆದೆ. ಡ್ರೈವಿಂಗ್ ಕಲಿಯಲು ಬರುವ ಬೇಕರಿಯವನ ಹೆಂಡತಿ ಗೇರ್ ಬದಲಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಯುದ್ಧದಲ್ಲೂ ಇಷ್ಟು ಹೆದರಿರಲಿಲ್ಲ ನಾನು.

ಮಧ್ಯಾಹ್ನ ಹ್ಯಾಂಬರ್ಗಿನಿಂದ ಪೆಚೋಲ್ಡ್ ಬಂದ, ವಾರಪತ್ರಿಕೆಯವನು. ಫೈಟರ್ ಪೈಲಟ್ ಒಬ್ಬನ ಬದುಕು ಬರೀತಾನಂತೆ — ನನ್ನದು, ಟ್ಯಾರ್ಕ್ ಐಲರ್ಸ್‌ನದು. ಕಳಿಸಿದ್ದು ಗ್ರೈಫೆ. ಯುದ್ಧದಲ್ಲಿ ನಮ್ಮ ಸ್ಕ್ವಾಡ್ರನ್ ಕಮಾಂಡರ್, ಈಗ ಮಾಜಿ ಪೈಲಟ್‌ಗಳ ಸಂಘದ ಅಧ್ಯಕ್ಷ. ಪಶ್ಚಿಮ ಜರ್ಮನಿ ಈಗ ಕಟ್ಟುತ್ತಿರುವ ಹೊಸ ವಾಯುಪಡೆಗೆ ಯಾರನ್ನು ಸೇರಿಸಿಕೊಳ್ಳಬೇಕು ಅಂತ ಅವರನ್ನು ಕೇಳ್ತಾರೆ. ನಾನೂ ಅರ್ಜಿ ಹಾಕಿದ್ದೇನೆ. ಹಾರಬೇಕು. ಕಣ್ಣು ಇನ್ನೂ ಚೆನ್ನಾಗಿದೆ.

ಮುಚ್ಚುಮರೆ ಇಲ್ಲದೆ ಹೇಳಿದೆ. ಹದಿನಾರನೇ ವಯಸ್ಸಿಗೆ ಗ್ಲೈಡರ್. 1940ರಲ್ಲಿ ಫ್ರಾನ್ಸ್. ಅಲ್ಲಿನ ಆ ರಸ್ತೆ... ಊರು ಬಿಟ್ಟು ಓಡುತ್ತಿದ್ದ ಜನ, ಕೈಗಾಡಿಗಳು, ಹಾಸಿಗೆ, ಮಕ್ಕಳು, ಮೇಲಿಂದ ನಮ್ಮ ಗುಂಡು. ಪೆಚೋಲ್ಡ್ ಪೆನ್ನು ಕೆಳಗಿಟ್ಟ. "ಇದು ಬೇಡ ಬಿಡಿ. ಜನ ಕಾಫಿ ಕುಡೀತಾ ಓದ್ತಾರೆ."

ಆಮೇಲೆ ರಷ್ಯ. ಆಮೇಲೆ ಮೆನ್ನೋ ರೀಂಟ್ಸ್. ಪಕ್ಕದ ಹಳ್ಳಿಯ ಹುಡುಗ. ಎರಡು ವರ್ಷ ನನ್ನ ಪಕ್ಕದಲ್ಲೇ ಹಾರಿ ನನ್ನ ಬೆನ್ನು ಕಾದವನು. ನಲವತ್ನಾಲ್ಕರ ವಸಂತ. ವಿಮಾನ ಸರಿಯಾಗಿ ಇಳಿಸಲೂ ಬಾರದ ಹೊಸ ಹುಡುಗರು ದಿನಾ ಸಾಯುತ್ತಿದ್ದರು. ಮೆನ್ನೋ ಊಟದ ಮೇಜಿನಲ್ಲಿ ಅಂದ: "ಇವರನ್ನ ಕೊಲ್ತಿರೋದು ಅಮೆರಿಕದವರಲ್ಲ. ಸೋತಾಯ್ತು ಅಂತ ಗೊತ್ತಿದ್ದೂ ಮೇಲಕ್ಕೆ ಕಳಿಸ್ತಾರಲ್ಲ, ಅವರು." ಅಷ್ಟೇ. ಸೋಲಿನ ಮಾತು ಆಗ ದೇಶದ್ರೋಹ; ಗ್ರೈಫೆ ಮೇಲಿನವರಿಗೆ ವರದಿ ಮಾಡಿದರು. ಸೇನಾ ಕೋರ್ಟಿನಲ್ಲಿ ಅವನ ಪರ ಮಾತಾಡಿದೆ — ಕೂರು ಅಂದರು. ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು.

ಇದನ್ನು ಮಾತ್ರ ಪೆಚೋಲ್ಡ್ ಪೂರ್ತಿ ಬರೆದುಕೊಂಡ. ಒಳ್ಳೆಯವನು ಅನ್ನಿಸಿತು.

13 ಏಪ್ರಿಲ್, ಶುಕ್ರವಾರ

ಪತ್ರಿಕೆ ಬಂತು. ಒಲೆಗೆ ಹಾಕಬೇಕು ಅನ್ನಿಸಿತು. ವೀಬ್ಕೆ ಕಿತ್ತುಕೊಂಡಳು, ಗಂಡನ ಫೋಟೋ ಇದೆ ಅಂತ.

ನಾನು ಇಂಗ್ಲಿಷ್ ಪೈಲಟ್‌ನನ್ನು ಹೊಡೆಯದೆ ಕೈ ಬೀಸಿ ಬೀಳ್ಕೊಟ್ಟೆನಂತೆ. ಫ್ರಾನ್ಸಿನ ರಸ್ತೆ ಇಲ್ಲ. ಹೋಗಲಿ... ಮೆನ್ನೋ! ಬ್ರೆಮನ್ ನಗರದ ಮೇಲೆ, ನನ್ನನ್ನು ಉಳಿಸಲು ಹೋಗಿ, ಉರಿಯುವ ವಿಮಾನದಲ್ಲಿ ವೀರಮರಣ. ನನ್ನ ಬಾಯಿಂದಲೇ ಬಂದ ಮಾತು ಅನ್ನುವ ಹಾಗೆ ಬರೆದಿದ್ದಾನೆ. ಕೊನೆಗೆ ನಾನು ಅತ್ತೆನಂತೆ.

ಹ್ಯಾಂಬರ್ಗಿಗೆ ಫೋನ್ ಮಾಡಿದೆ.

"ಗ್ರೈಫೆಯವರು ಓದಿ ತಿದ್ದಿಕೊಟ್ರು," ಅಂದ ಪೆಚೋಲ್ಡ್. "ಚೆನ್ನಾಗೇ ಬಂದಿದೆಯಲ್ಲ?"

"ಸುಳ್ಳು ಕಣಯ್ಯಾ ಅದು."

"ಯಾರಿಗೆ ನಷ್ಟ ಐಲರ್ಸ್ ಅವರೇ?"

ರಿಸೀವರ್ ಕುಕ್ಕಿದೆ.

16 ಏಪ್ರಿಲ್

ಯಾರಿಗೆ ನಷ್ಟ ಅಂತ ಇವತ್ತು ಗೊತ್ತಾಯಿತು. ಮೆನ್ನೋನ ತಾಯಿ ಟೊಮ್ಮಾ ಸೈಕಲ್ ತಳ್ಳಿಕೊಂಡು ಬಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತರು.

"ಏನಪ್ಪಾ ಟ್ಯಾರ್ಕ್, ನನ್ನ ಮಗ ವಿಮಾನದಲ್ಲಿ ಸತ್ತನಾ?"

ಇಲ್ಲ ಅಂದೆ. ನಾನು ಹಾಗೆ ಹೇಳಿಲ್ಲ ಅಂದೆ.

"ಅವನು ಸತ್ತ ಅಂತ ಪೇಪರಲ್ಲಿ ಎರಡು ಸಾಲು ಹಾಕ್ಸೋಕೂ ಬಿಡಲಿಲ್ಲ ಆಗ. ಅವತ್ತಿಂದ ಹನ್ನೆರಡು ವರ್ಷ ನಮ್ಮ ಬೀದಿಯವರು ನನ್ನ ಹೊಸಿಲು ತುಳಿದಿಲ್ಲ. ದ್ರೋಹಿ ಹೆತ್ತೋಳು ಅಂತ. ನಿನ್ನೆ ಬಂದ್ರು. ಮೂರು ಜನ. ಕೇಕ್ ತಗೊಂಡು. ಮಗ ವೀರ ಅಂತ ಹೇಳಲೇ ಇಲ್ವಲ್ಲ ನೀವು ಅಂತ ನನ್ನೇ ಬೈದ್ರು."

"ನೀವೇನಂದ್ರಿ?"

"ಕೇಕು ಕೋಳಿಗೆ ಹಾಕಿದೆ." ಸೈಕಲ್ ತಿರುಗಿಸಿದರು. "ಒಂದು ಸಲ ಗೋಡೆ ಹತ್ರ ಕೊಂದ್ರಿ. ಈಗ ಆಕಾಶದಲ್ಲಿ. ಇನ್ನೆಷ್ಟು ಸಲ ಸಾಯಬೇಕು ಅವನು?"

ಕೊಂದ್ರಿ. ನನ್ನನ್ನೂ ಸೇರಿಸಿಯೇ ಅಂದರು.

18 ಏಪ್ರಿಲ್

ಗ್ರೈಫೆ ಅವರ ಕಾರು ಮಾರುವ ಅಂಗಡಿಗೇ ಹೋದೆ. ಗಾಜಿನ ಗೋಡೆ, ಫಳಫಳ ಹೊಳೆಯುವ ನೆಲ. ಮನುಷ್ಯ ಒಂದಿಷ್ಟೂ ಬದಲಾಗಿಲ್ಲ, ಅದೇ ನೇರ ಬೆನ್ನು. ಕೂರಿಸಿದರು, ಸಿಗಾರ್ ಕೊಟ್ಟರು.

"ಮುದುಕಿಗೆ ಉಪಕಾರ ಮಾಡಿದೀನಿ ಟ್ಯಾರ್ಕ್. ಅವಳ ಮಗನಿಗೆ ಮಾನ ವಾಪಸ್ ಬಂತು. ಮೇ ತಿಂಗಳು ಮಡಿದ ಪೈಲಟ್‌ಗಳ ಸ್ಮಾರಕದ ಕಲ್ಲು ನಿಲ್ಲಿಸ್ತಿದೀವಿ, ಮೆನ್ನೋ ಹೆಸರೂ ಕೆತ್ತಿಸ್ತೀನಿ. ಪುಷ್ಪಚಕ್ರ ನಾನೇ ಇಡ್ತೀನಿ."

"ಅವನ ಮೇಲೆ ವರದಿ ಬರೆದುಕೊಟ್ಟೋರು ನೀವೇ ಅಲ್ವಾ?"

"ಅವತ್ತಿನ ಕಾನೂನು ಅದು. ನಾನು ಸಹಿ ಹಾಕದಿದ್ರೆ ಇನ್ನೊಬ್ಬ ಹಾಕ್ತಿದ್ದ." ಬೂದಿ ಕೊಡವಿದರು. "ನಿನ್ನ ಅರ್ಜಿ ನೋಡಿದೆ. ಜೆಟ್ ವಿಮಾನ ಕಣಯ್ಯಾ. ಇನ್ನು ಎಷ್ಟು ದಿನ ಹೆಂಗಸರಿಗೆ ಕ್ಲಚ್ ಒತ್ತೋದು ಹೇಳಿಕೊಡ್ತೀಯ?"

ಕೊಂದವನೇ ಹೂವು ಇಡುತ್ತಾನಂತೆ! ಅದಕ್ಕೆ ನಾನು ಕೈಮುಗಿಯಬೇಕಂತೆ.

ಆದರೆ ಜೆಟ್ ಅಂದಾಗ ಮನಸ್ಸು ಹಾರಿತು. ಅದಕ್ಕೂ ಸಿಟ್ಟು ಬರುತ್ತಿದೆ.

22 ಏಪ್ರಿಲ್, ಭಾನುವಾರ

ಕಲ್ಲಿನ ವಿಷಯ ಟೊಮ್ಮಾ ಅಮ್ಮನಿಗೆ ಹೇಳಲೇಬೇಕಿತ್ತು. ಹೋದೆ. ಚಹಾ ಕೊಟ್ಟರು. ಮೂರನೇ ಕಪ್ಪು ಬಗ್ಗಿಸುತ್ತಾ ಕೇಳಿದರು:

"ಕಲ್ಲಲ್ಲಿ ಹೇಗೆ ಸತ್ತ ಅಂತ ಇರುತ್ತಾ?"

"ಆಕಾಶದಲ್ಲಿ ಮಡಿದವರು ಅಂತ."

"ಹಾಗಾದ್ರೆ ಬೇಡ. ಅವನು ನಿಜ ಹೇಳಿ ಸತ್ತ. ಸುಳ್ಳಿನ ಕೆಳಗೆ ಮಲಗಿಸಲ್ಲ."

13 ಮೇ, ಭಾನುವಾರ, ಬೆಳಿಗ್ಗೆ

ನಿನ್ನೆ ಸಂಘದ ಕೂಟ. ನಲವತ್ತು ಜನ, ಪದಕ, ಬಿಯರು. ಗ್ರೈಫೆ ಭಾಷಣ: ಶುದ್ಧ ಆಕಾಶ, ಶುದ್ಧ ಹೋರಾಟ, ರಾಜಕೀಯ ನಮಗೆ ಗೊತ್ತೇ ಇರಲಿಲ್ಲ... ಕೊನೆಗೆ "ನಮ್ಮ ವೀರ ಮೆನ್ನೋ ರೀಂಟ್ಸ್" ಅಂದರು. ಎಲ್ಲರೂ ಗ್ಲಾಸ್ ಎತ್ತಿದರು.

ನಾನು ಎದ್ದೆ. ಸಿದ್ಧ ಮಾಡಿಕೊಂಡಿದ್ದ ಮಾತು ಮರೆತೇಹೋಯಿತು. "ಮೆನ್ನೋ ಆಕಾಶದಲ್ಲಿ ಸಾಯಲಿಲ್ಲ. ನಮ್ಮವರೇ ಕೊಂದದ್ದು. ವರದಿ ಮಾಡಿದವರು ಈಗ ಗ್ಲಾಸ್ ಹಿಡಿದು ನಿಂತಿದ್ದಾರೆ."



ಯಾರೋ ಅಂದರು: "ಕೂತ್ಕೋ ಟ್ಯಾರ್ಕ್. ಬಿಯರ್ ಬಿಸಿಯಾಗ್ತಿದೆ." ಕೆಲವರು ನಕ್ಕರು. ನಕ್ಕರು! ಅವನ ಹೆಸರಿಗೆ ಎತ್ತಿದ್ದ ಗ್ಲಾಸು ಕೈಯಲ್ಲೇ ಇತ್ತು.

ಆಗ ಮೂಲೆಯಿಂದ ಕುಯ್ಪರ್ — ಒಂದು ತೋಳು ಕಳೆದುಕೊಂಡವನು, ಮಾತೇ ಆಡದವನು — ಗ್ಲಾಸು ಕೆಳಗಿಟ್ಟ. "ಆ ದಿನ ಊಟದ ಮೇಜಲ್ಲಿ ನಾನೂ ಇದ್ದೆ. ಟ್ಯಾರ್ಕ್ ಹೇಳೋದು ನಿಜ."

ಅವನು ನನ್ನ ಜೊತೆ ಹೊರಗೆ ಬಂದ. ಬೇರೆ ಯಾರೂ ಬರಲಿಲ್ಲ. ಗ್ರೈಫೆ ಭಾಷಣ ಮುಂದುವರಿಸಿದ್ದು ಕಿಟಕಿಯಿಂದ ಕೇಳಿಸಿತು.

29 ಮೇ

ಕಾಗದ ಬಂತು: ಹೊಸ ವಾಯುಪಡೆಯಲ್ಲಿ ನನಗೆ ಜಾಗವಿಲ್ಲ. "ಸ್ವಭಾವ ಹೊಂದಿಕೆಯಾಗುವುದಿಲ್ಲ." ಗ್ರೈಫೆ ಕರ್ನಲ್ ಆಗಲಿದ್ದಾರಂತೆ. ಅವರ ಸ್ವಭಾವ ಹೊಂದಿತಂತೆ.

ವೀಬ್ಕೆ ಆಲೂಗಡ್ಡೆ ಸುಲಿಯುತ್ತಾ ಅಂದಳು: "ಬಿಡಿ. ಮತ್ತೆ ಆಕಾಶ ನೋಡ್ಕೊಂಡು ಕೂರೋದು ನನಗಾದ್ರೂ ತಪ್ಪಿತು." ಆಮೇಲೆ ನನ್ನ ಮುಖ ನೋಡಿ ಚಾಕು ಕೆಳಗಿಟ್ಟಳು.

ಇನ್ನು ಹಾರುವುದಿಲ್ಲ ನಾನು.

ಒಂದು ಒಳ್ಳೆಯ ಸುದ್ದಿ. ಮೆನ್ನೋ ಹೆಸರು ಕಲ್ಲಿನಲ್ಲಿಲ್ಲ.

3 ಜೂನ್, ಭಾನುವಾರ

ಟೊಮ್ಮಾ ಅಮ್ಮ ಬಂದಿದ್ದಾರೆ, ಈ ಸಲ ಒಳಗೆ. ವೀಬ್ಕೆ ಚಹಾ ಮಾಡ್ತಿದ್ದಾಳೆ. ಕೊನೆಯ ದಿನಗಳಲ್ಲಿ ಅವನು ಹೇಗಿದ್ದ ಅಂತ ಕೇಳಿದರು. ಅವರಿಗಾಗಿ ಮೊದಲಿಂದ ಬರೆದುಕೊಡೋಣ ಅಂತ ಇಲ್ಲೇ ಶುರು ಮಾಡಿದೆ. ಇದಾದರೂ ಒಂದು ಕಡೆ ಸರಿಯಾಗಿ ಇರಲಿ.

ಊಟದ ಮೇಜಿನಲ್ಲಿ ಅವನು ಆ ಮಾತಾಡಿದ ದಿನ ಬೆಳಿಗ್ಗೆ ಮಂಜು. ವಿಮಾನ ಏರುವ ಹಾಗಿರಲಿಲ್ಲ. ಮೆನ್ನೋ ಹೊಸ ಹುಡುಗರನ್ನು ಸುತ್ತ ಕೂರಿಸಿಕೊಂಡು, ನೆಲದ ಮೇಲೆ ಸೀಮೆಸುಣ್ಣದಲ್ಲಿ —

ಟೊಮ್ಮಾ ಅಮ್ಮ ಹಾಳೆಯ ಮೇಲೆ ಕೈ ಇಟ್ಟಿದ್ದಾರೆ. "ಬರೆದೋರೆಲ್ಲ ಬರೆದಾಯ್ತು ಮಗಾ. ನೀನು ಬಾಯಲ್ಲಿ ಹೇಳು."

ಸರಿ, ಪೆನ್ನು ಕೆಳಗಿಡುತ್ತೇನೆ.