ಅಂಗೈಯಗಲ ಎಡಕ್ಕೆ

ಪೈನ್ ಕ್ರೀಕ್, ಮಿಶಿಗನ್
೧೧ ನವೆಂಬರ್ ೧೯೭೪

ನನ್ನ ಆರ್ವೋ,

ಹೇಗಿದ್ದೀಯ? ಹಡಗುಕಟ್ಟೆಯ ಗಾಳಿಗೆ ಎದೆ ಕಟ್ಟುತ್ತಿಲ್ಲ ತಾನೇ? ಗಡ್ಡ ಬಿಟ್ಟಿದ್ದೀಯೆಂದು ಪಕ್ಕದ ಮನೆಯ ಊನೋ ಹೇಳಿದ. ಒಳ್ಳೆಯದಾಯಿತು, ನಿಮ್ಮ ವಂಶದ ಗಲ್ಲವನ್ನು ಮುಚ್ಚಿಡುವುದೇ ಲೇಸು. ನನ್ನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ.

ಅಜ್ಜ ಹೋದ ಸುದ್ದಿಯ ತಂತಿ ನಿನ್ನ ಹಳೆಯ ವಿಳಾಸದಿಂದ ವಾಪಸ್ಸು ಬಂತು. ಈ ವಿಳಾಸ ಆಮೇಲೆ ಊನೋನಿಂದ ಸಿಕ್ಕಿತು. ಶನಿವಾರ ಮಣ್ಣು ಮಾಡಿದೆವು. ನೆಲ ಇನ್ನೂ ಹೆಪ್ಪುಗಟ್ಟಿರಲಿಲ್ಲ, ಅಷ್ಟು ಪುಣ್ಯ.

ಅದಕ್ಕೆ ಆರು ದಿನ ಮೊದಲು, ಈ ವರ್ಷದ ಜಿಂಕೆ ಬೇಟೆಗೆಂದು ಅವರು ನಿನ್ನ ಕೋವಿಯನ್ನು ಗೋಡೆಯಿಂದ ಇಳಿಸಿದರು. ತಮ್ಮ ಕೋವಿಯ ಒದೆತವನ್ನು ಭುಜ ತಡೆಯುತ್ತಿರಲಿಲ್ಲ. ನೀನು ಹೋದ ಮೇಲೆ ನಾಲ್ಕು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಜಲ್ಲಿಗುಂಡಿಗೆ ಹೋಗಿ, ನೂರು ಹೆಜ್ಜೆ ದೂರದಲ್ಲಿ ನನ್ನ ಹಳೆಯ ತಟ್ಟೆ ನಿಲ್ಲಿಸಿ, ಮರಳುಚೀಲದ ಮೇಲೆ ನಳಿಗೆ ಇಟ್ಟು ಮೂರು ಗುಂಡು ಹೊಡೆದರಂತೆ. ಮೂರೂ ಒಂದರ ಪಕ್ಕ ಒಂದು, ಬಾಟಲಿಯ ಮುಚ್ಚಳದಲ್ಲಿ ಮುಚ್ಚುವಷ್ಟು ಹತ್ತಿರ. ಆದರೆ ನಡುವಿನಿಂದ ಅಂಗೈಯಗಲ ಎಡಕ್ಕೆ. ಕೈ ಅಲುಗಿದ್ದಲ್ಲ, ಕೋವಿಯ ಗುರಿಯೇ ಓರೆ. ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟು ಕುಳಿತುಬಿಟ್ಟರು. ಕಾಫಿ ಆರಿತು.

ನಾಲ್ಕು ವರ್ಷದ ಹಿಂದೆ ನೀನು ಆ ದೊಡ್ಡ ಕೊಂಬಿನ ಜಿಂಕೆಗೆ ಗುರಿ ತಪ್ಪಿದಾಗ, ಬೇಟೆಯ ಬಿಡಾರದಲ್ಲಿ ಎಲ್ಲರ ಮುಂದೆ ಅಜ್ಜ ನಿನ್ನ ಅಂಗಿಯ ಹಿಂಚುಂಗು ಕತ್ತರಿಸಿ ಗೋಡೆಗೆ ಮೊಳೆ ಹೊಡೆದಿದ್ದರಲ್ಲ. ಗುರಿ ತಪ್ಪಿದ ಎಲ್ಲರಿಗೂ ಅದೇ ಶಾಸ್ತ್ರ, ನಕ್ಕು ಮುಗಿಯುತ್ತದೆ. ಆದರೆ ನೀನು, "ನಾನು ಸರಿಯಾಗೇ ಹಿಡಿದಿದ್ದೆ ಅಜ್ಜಾ" ಅಂದೆ. ಅವರು, "ಭಾನುವಾರ ನಾನೇ ಗುರಿ ಸರಿಮಾಡಿದ ಕೋವಿ ಅದು. ಸುಳ್ಳು ಹೇಳೋದು ಕೋವಿ ಅಲ್ಲ ಕಣೋ, ಅದರ ಹಿಂದಿರೋ ಕತ್ತೆ" ಅಂದರು. ಸುಳ್ಳುಗಾರ ಅನ್ನಿಸಿಕೊಂಡು ಆ ವಾರವೇ ನೀನು ಹೊರಟೆ.

ಈಗ ಆ ತಟ್ಟೆ ತಂದ ಮರುದಿನ ಅಜ್ಜ ಬಿಡಾರಕ್ಕೆ ಹೋಗಿ ಆ ಚಿಂದಿಯನ್ನು ಕಿತ್ತು ತಂದರು. "ಅಂಗಿ ಇಟ್ಟಿದ್ದೀಯೇನೇ? ಇದನ್ನ ಹೊಲಿದುಕೊಡು. ಅವತ್ತು ಗುರಿ ಸರಿಮಾಡೋವಾಗ ನನ್ನ ಕಣ್ಣೇ ಕೆಟ್ಟಿತ್ತು ಕಣೆ, ತಪ್ಪನ್ನ ಹುಡುಗನ ತಲೆ ಮೇಲೆ ಹಾಕ್ದೆ" ಅಂದರು. ನಾನು ಹೊಲಿದೆ. ಅವರು ಎದುರು ಕುಳಿತು ಒಂದೊಂದು ಹೊಲಿಗೆಯನ್ನೂ ನೋಡಿದರು. ಬುಧವಾರ ಅದೇ ಕುರ್ಚಿಯಲ್ಲಿ ಎದೆಬಡಿತ ನಿಂತಿತು. ನಿನಗೆ ಕಾಗದ ಬರೆಯಲು ಕೂತಿದ್ದರು. ನಿನ್ನ ಹೆಸರಿನಿಂದ ಮುಂದೆ ಹೋಗಿರಲಿಲ್ಲ.

ಅಂಗಿ ಕಳಿಸಿದ್ದೇನೆ. ಹೊಟ್ಟೆ ತುಂಬಾ ತಿನ್ನು, ಕಾಲುಚೀಲ ಒಣಗಿಸಿ ಹಾಕಿಕೋ. ದೇವರು ನಿನ್ನನ್ನು ನನಗಿಂತ ಚೆನ್ನಾಗಿ ಕಾಯಲಿ.

ನಿನ್ನ ಅಜ್ಜಿ
ಲೆಂಪಿ

ಇದು ಮರೆತು ಕೊನೆಗೆ ಬರೆದದ್ದಲ್ಲ, ಇಷ್ಟು ಹೊತ್ತೂ ಧೈರ್ಯ ಇರಲಿಲ್ಲ. ಅಜ್ಜನ ಕಣ್ಣು ಕೆಟ್ಟಿರಲಿಲ್ಲ. ಆ ವರ್ಷ ಬೇಟೆಯ ಹಿಂದಿನ ದಿನ ಗುಡಿಸುವಾಗ ನನ್ನ ಪೊರಕೆಯ ಹಿಡಿ ತಾಗಿ ಗೋಡೆಯ ಮೇಲಿದ್ದ ನಿನ್ನ ಕೋವಿ ಒಲೆಯ ಅಂಚಿಗೆ ಬಿತ್ತು. ನಳಿಗೆಯ ಮೇಲಿನ ಗುರಿ ನೋಡುವ ಕಚ್ಚಿಗೇ ಪೆಟ್ಟು. ಬೈಯುತ್ತಾರೆಂದು ಒರೆಸಿ ನೇತುಹಾಕಿದೆ. ನೀನು ಹರಿದ ಅಂಗಿಯಲ್ಲಿ ಬಂದಾಗ ಸಾರು ಬಡಿಸಿದೆ, ಬಾಯಿ ಬಿಡಲಿಲ್ಲ. ಮೊನ್ನೆ ಹೊಲಿಯುವಾಗಲೂ ಹೇಳಬಹುದಿತ್ತು. ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದೆ, ಅದೇ ನೆಪವಾಯಿತು. ತಪ್ಪು ತಮ್ಮದೆಂದುಕೊಂಡೇ ಅವರು ಹೋದರು. ಕಚ್ಚನ್ನು ಮುಟ್ಟಲು ಯಾರಿಗೂ ಬಿಟ್ಟಿಲ್ಲ. ಬಂದು ನೀನೇ ಸರಿಮಾಡು. ಅವರ ಮೇಲೆ ನಾಲ್ಕು ವರ್ಷ ಹೊತ್ತ ಕೋಪವನ್ನೂ ತಾ, ಅದು ನನಗೆ ಸೇರಬೇಕಾದ್ದು.